ಯುವ ಆರ್ಕಿಟೆಕ್ಟ್‌ಗಳಿಗೆ ವಿನ್ಯಾಸ ಸ್ಪರ್ಧೆ ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮದು ಐದು ಜನರ ಸಣ್ಣ ಆರ್ಕಿಟೆಕ್ಚರ್ ಆಫೀಸು. ಟ್ರೈನಿಂಗಿಗೆ ಬರುವ ಹುಡುಗ ಹುಡುಗಿಯರು, ಡಿಗ್ರಿ ಮುಗಿಸಿ ಎರಡು ಮೂರು ವರ್ಷ ಆದವರು, ಕಾಲೇಜಿನ ಜ್ಯೂರಿಗೆ ತೀರ್ಪುಗಾರಳಾಗಿ ಹೋದಾಗ ಕಾರಿಡಾರಿನಲ್ಲಿ ನಿಲ್ಲಿಸಿ ಮಾತಾಡಿಸುವ ವಿದ್ಯಾರ್ಥಿಗಳು, ಎಲ್ಲರೂ ಸ್ಪರ್ಧೆಗಳ ಬಗ್ಗೆ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ನಿಂತ ನಿಲುವಿನಲ್ಲಿ ಕೊಟ್ಟ ಉತ್ತರದಲ್ಲಿ ಅರ್ಧ ಬಿಟ್ಟುಹೋಗುತ್ತದೆ. ಆದ್ದರಿಂದ ಕೂತು ಬರೆದಿದ್ದೇನೆ.

ನನಗೆ ಹೆಸರಿಲ್ಲ, ಕಟ್ಟಿದ ಕಟ್ಟಡವೂ ಇಲ್ಲ. ನನ್ನ ಶೀಟನ್ನು ಯಾರು ನೋಡುತ್ತಾರೆ?

ಸರಿಯಾಗಿ ನಡೆಯುವ ಸ್ಪರ್ಧೆಯಲ್ಲಿ ಯಾರ ಹೆಸರನ್ನೂ ಯಾರೂ ನೋಡುವುದಿಲ್ಲ. ಶೀಟಿನ, ಅಂದರೆ ವಿನ್ಯಾಸದ ಚಿತ್ರಗಳನ್ನು ಜೋಡಿಸಿ ಕಳಿಸುವ ಹಾಳೆಯ, ಮೂಲೆಯಲ್ಲಿ ಒಂದು ನಂಬರು ಇರುತ್ತದೆ, ಅಷ್ಟೆ. ಅಪ್ಪಿತಪ್ಪಿ ಹೆಸರು ಬರೆದರೆ ಎಂಟ್ರಿಯೇ ರದ್ದಾಗುತ್ತದೆ. ನಮ್ಮ ವೃತ್ತಿಯಲ್ಲಿ ಇಂಥ ಇನ್ನೊಂದು ಬಾಗಿಲನ್ನು ನಾನು ಕಂಡಿಲ್ಲ. ಸರ್ಕಾರಿ ಟೆಂಡರಿಗೆ ಹೋದರೆ ಹಿಂದಿನ ವರ್ಷಗಳ ವಹಿವಾಟು ಎಷ್ಟು, ಇಷ್ಟೇ ದೊಡ್ಡ ಕಟ್ಟಡ ಎಷ್ಟು ಮಾಡಿದ್ದೀರಿ, ಠೇವಣಿ ಕಟ್ಟಿದ್ದೀರಾ ಎಂದು ಕೇಳುತ್ತಾರೆ. ಖಾಸಗಿ ಕೆಲಸ ಬರುವುದು ಪರಿಚಯದಿಂದ: ಸೋದರಮಾವನ ಸ್ನೇಹಿತರ ಮನೆ, ಅಕ್ಕನ ಮಾವನ ಕಲ್ಯಾಣ ಮಂಟಪ. ಆ ಪರಿಚಯ ಇಲ್ಲದ ಮನೆಯಿಂದ ಬಂದವರಿಗೆ ಮೊದಲ ಹತ್ತು ವರ್ಷ ಬಹಳ ಕಷ್ಟ.

1981ರಲ್ಲಿ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ ಸ್ಪರ್ಧೆ ನಡೆಯಿತು. ಬಂದ ಎಂಟ್ರಿಗಳು 1,421. ಜ್ಯೂರಿ ಆರಿಸಿದ್ದು 1026ನೇ ನಂಬರನ್ನು. ಲಕೋಟೆ ಒಡೆದಾಗ ಸಿಕ್ಕ ಹೆಸರು ಮಾಯಾ ಲಿನ್. ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಡಿಗ್ರಿ ಓದುತ್ತಿದ್ದ 21 ವರ್ಷದ ಹುಡುಗಿ. ಮೆತ್ತನೆಯ ಪೇಸ್ಟಲ್ ಬಣ್ಣದಲ್ಲಿ ಬರೆದ ಸರಳ ಚಿತ್ರಗಳು, ಜೊತೆಗೆ ಆ ಜಾಗದಲ್ಲಿ ನಡೆದುಕೊಂಡು ಹೋದರೆ ಏನಾಗುತ್ತದೆ ಎಂದು ವಿವರಿಸುವ ಬರಹ. ಅವಳ ಹೆಸರು, ವಯಸ್ಸು, ಮುಖ ನೋಡಿ ಆರಿಸುವುದಾಗಿದ್ದರೆ ಆ ಕೆಲಸ ಅವಳಿಗೆ ಸಿಗುತ್ತಿತ್ತೇ? ಗೆದ್ದ ಮೇಲೆ ಎದ್ದ ಗಲಾಟೆಯನ್ನು ನೋಡಿದರೆ ಖಂಡಿತ ಇಲ್ಲ ಅನ್ನಿಸುತ್ತದೆ. 1982ರಲ್ಲಿ ಸ್ಮಾರಕ ಎದ್ದು ನಿಂತಿತು. 58 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೊರೆದ ಆ ಕಪ್ಪು ಗ್ರಾನೈಟು ಹೋದದ್ದು ನಮ್ಮ ಬೆಂಗಳೂರಿನ ಕಡೆಯ ಕ್ವಾರಿಯಿಂದ. ಈ ಮಾತು ಹೇಳಿದಾಗ ನಮ್ಮ ಟ್ರೈನಿಗಳ ಮುಖ ಅರಳುವುದನ್ನು ನೋಡುವುದು ನನಗೆ ಇಷ್ಟ.

ಸಿಡ್ನಿ ಒಪೆರಾ ಹೌಸಿನ ಕಥೆಯೂ ಇದೇ ದಾರಿಯದು. 1957ರಲ್ಲಿ 233 ಎಂಟ್ರಿಗಳ ನಡುವೆ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸನ್‌ಗೆ ಆಗ 38 ವರ್ಷ, ತನ್ನ ದೇಶದ ಹೊರಗೆ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಪ್ಯಾರಿಸ್ಸಿನ ಪೊಂಪಿಡು ಸೆಂಟರಿಗೆ 1971ರಲ್ಲಿ ಬಂದ 681 ಎಂಟ್ರಿಗಳಲ್ಲಿ ಗೆದ್ದ ತಂಡದ ಮುಂದಾಳುಗಳಾದ ರೆಂಜೊ ಪಿಯಾನೊ, ರಿಚರ್ಡ್ ರಾಜರ್ಸ್ ಇಬ್ಬರೂ ಮೂವತ್ತರ ಹರೆಯದವರು.

ಗೆಲ್ಲುವುದು ನೂರಕ್ಕೊಬ್ಬರು. ಸೋತರೆ ಕೈಯಲ್ಲಿ ಏನು ಉಳಿಯುತ್ತದೆ?

ಇದಕ್ಕೆ ನನ್ನದೇ ಅನುಭವ ಹೇಳಬೇಕು.

ಡಿಗ್ರಿ ಮುಗಿದ ಮರುವರ್ಷ ನಾನೂ ಒಬ್ಬ ಸ್ನೇಹಿತೆಯೂ ವಾರದ ಸಂತೆಗೆ ಕಟ್ಟೆ, ಚಾವಣಿ ರೂಪಿಸುವ ಒಂದು ಸ್ಪರ್ಧೆಗೆ ಇಳಿದೆವು. ಜಾಗ ಯಾವುದನ್ನಾದರೂ ಆರಿಸಿಕೊಳ್ಳಬಹುದಿತ್ತು. ಹಾಸನ ಜಿಲ್ಲೆಯ ಒಂದು ಊರು ಹಿಡಿದೆವು. ಮೊದಲ ವಾರ ರೂಮಿನಲ್ಲೇ ಕೂತು ಚೆಂದದ ಚಾವಣಿಗಳನ್ನು ಬರೆದೆವು. ಎರಡನೇ ವಾರ ಬೆಳಗಿನ ಜಾವದ ಬಸ್ಸು ಹಿಡಿದು ಸಂತೆಗೆ ಹೋದೆವು, ಕೈಯಲ್ಲಿ ಟೇಪು, ಒಂದು ನೋಟ್‌ಬುಕ್ಕು. ಸೊಪ್ಪು ಮಾರುವವರು ಹಾಸುವ ಗೋಣಿತಾಟು ಸುಮಾರು ನಾಲ್ಕಡಿ ಅಗಲ. ಹತ್ತು ಗಂಟೆಗೆ ಬಿಸಿಲು ಏರುತ್ತಿದ್ದಂತೆ ಅರಳಿಮರದ ನೆರಳು ಸರಿದ ಕಡೆಗೆ ಗೋಣಿಗಳೂ ಒಂದೊಂದೇ ಸರಿದವು. ಒಬ್ಬ ಹೆಂಗಸು ಮಾತ್ರ ಬಿಸಿಲಲ್ಲೇ, ಮೈದಾನದ ತಗ್ಗಿನ ಮೂಲೆಯಲ್ಲೇ ಕೂತಿದ್ದಳು. "ಅಕ್ಕಾ, ಅಲ್ಲಿ ನೆರಳಿದೆಯಲ್ಲ, ಇಲ್ಲೇ ಯಾಕೆ ಕೂತಿದ್ದೀರಾ?" ಎಂದು ಕೇಳಿದೆ. ಕೊತ್ತಂಬರಿ ಕಟ್ಟಿನ ಮೇಲೆ ಚೊಂಬಿನಿಂದ ನೀರು ಚಿಮುಕಿಸುತ್ತಾ ಅಂದಳು: "ಸೊಪ್ಪಿಗೆ ನೀರ್ ಹಾಕ್ತಾ ಇರ್ಬೇಕಲ್ಲವ್ವ. ಮ್ಯಾಲ್ಗಡೆ ಕೂತ್ರೆ ಈರುಳ್ಳಿಯೋನ ಮೂಟೆ ತಾವಕ್ಕೇ ಹರೀತದೆ. ಅವ್ನು ಸುಮ್ಕಿದ್ದಾನಾ?"

ರೂಮಿಗೆ ಬಂದು ಬರೆದಿದ್ದೆಲ್ಲ ಬದಿಗಿಟ್ಟೆವು. ಚಾವಣಿ ಬಿಟ್ಟು ನೆಲದಿಂದ ಶುರುಮಾಡಿದೆವು. ಒಂದು ಸೆಕ್ಷನ್ (ಜಾಗವನ್ನು ಸೀಳಿ ಪಕ್ಕದಿಂದ ನೋಡಿದ ಹಾಗೆ ಬರೆಯುವ ಚಿತ್ರ): ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುವ ನೆಲ, ಮೇಲ್ಗಡೆ ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳು, ನಡುವೆ ಕಾಯಿ, ಕೆಳಗೆ ಸೊಪ್ಪು, ಕೊನೆಗೆ ಮೀನು, ಅದರ ಪಕ್ಕದಲ್ಲೇ ಕಾಲುವೆ. ಸಂತೆಯವರು ತಾವಾಗಿ ಮಾಡಿಕೊಂಡಿದ್ದ ಏರ್ಪಾಡನ್ನು ಕಲ್ಲಿನಲ್ಲಿ ಬರೆದ ಹಾಗೆ.

ನಮ್ಮ ಎಂಟ್ರಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ಒಂದು ಸಾಲಿನ ಅಭಿಪ್ರಾಯವೂ ಬರಲಿಲ್ಲ. ನಾಲ್ಕು ವರ್ಷದ ನಂತರ ಒಂದು ಶಾಲೆಯವರು ಮಕ್ಕಳ ಊಟದ ಹಜಾರಕ್ಕೆ ಆರ್ಕಿಟೆಕ್ಟ್ ಹುಡುಕುತ್ತಾ ನನ್ನ ಪೋರ್ಟ್‌ಫೋಲಿಯೊ ತಿರುವಿದರು. ಮುಖ್ಯೋಪಾಧ್ಯಾಯಿನಿಯ ಬೆರಳು ಆ ಸೆಕ್ಷನ್ನಿನ ಮೇಲೆ ನಿಂತಿತು. "ತಟ್ಟೆ ತೊಳೆದ ನೀರು ಎಲ್ಲಿಗೆ ಹೋಗಬೇಕು ಅಂತ ಇದುವರೆಗೆ ಯಾರೂ ನಮ್ಮನ್ನ ಕೇಳಿಲ್ಲ ಮೇಡಂ," ಅಂದರು. ಆ ಹಜಾರ ನನ್ನ ಮೊದಲ ಸ್ವಂತ ಕೆಲಸ.

ಆಫೀಸಿನ ಕೆಲಸದಲ್ಲಿ ಹೀಗೆ ಒಂದು ಯೋಚನೆಯನ್ನು ಬುಡದಿಂದ ತುದಿಯವರೆಗೆ ನೀವೇ ಹಿಡಿದುಕೊಂಡು ಹೋಗುವ ಅವಕಾಶ ಮೊದಲ ವರ್ಷಗಳಲ್ಲಿ ಸಿಗುವುದಿಲ್ಲ. ಟಾಯ್ಲೆಟ್ ಡೀಟೇಲು, ಬಾಗಿಲು ಕಿಟಕಿಯ ಷೆಡ್ಯೂಲು, ಕಾರ್ಪೊರೇಷನ್ನಿಗೆ ಸ್ಯಾಂಕ್ಷನ್ ಡ್ರಾಯಿಂಗು. ಅವೂ ಬೇಕು, ಅವಿಲ್ಲದೆ ಕಟ್ಟಡ ನಿಲ್ಲುವುದಿಲ್ಲ. ಆದರೆ ಏನು ಕಟ್ಟಬೇಕು, ಯಾಕೆ ಕಟ್ಟಬೇಕು ಎಂದು ತೀರ್ಮಾನಿಸುವವರು ಬೇರೆಯವರು. ಆ ತೀರ್ಮಾನದ ಭಾರವನ್ನು ಹೊತ್ತು ನೋಡಲು ಸ್ಪರ್ಧೆಯೊಂದೇ ಸುಲಭದ ದಾರಿ.

ಸೋತ ಎಂಟ್ರಿ, ಗೆದ್ದೂ ಕಟ್ಟದೆ ಉಳಿದ ಎಂಟ್ರಿ ಒಬ್ಬರ ಬದುಕನ್ನೇ ತಿರುಗಿಸಿದ್ದೂ ಉಂಟು. 1922ರ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಗೋಪುರದ ಸ್ಪರ್ಧೆಯಲ್ಲಿ ಫಿನ್ಲೆಂಡಿನ ಎಲಿಯೆಲ್ ಸಾರಿನೆನ್‌ಗೆ ಸಿಕ್ಕಿದ್ದು ಎರಡನೇ ಬಹುಮಾನ. ಗೆದ್ದ ಗೋಪುರಕ್ಕಿಂತ ಆತನ ಚಿತ್ರವನ್ನೇ ಅಮೆರಿಕದ ಆರ್ಕಿಟೆಕ್ಟ್‌ಗಳು ಹೆಚ್ಚು ನೋಡಿದರು, ಅದರಿಂದ ಕಲಿತರು. ಮರುವರ್ಷ ಆತ ಸಂಸಾರ ಸಮೇತ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದ. ಜಹಾ ಹದೀದ್ 1983ರಲ್ಲಿ ಹಾಂಗ್‌ಕಾಂಗ್‌ನ 'ದಿ ಪೀಕ್' ಸ್ಪರ್ಧೆ ಗೆದ್ದರು. ಅದು ಕಟ್ಟಡವಾಗಲೇ ಇಲ್ಲ. ಜಗತ್ತು ಅವರನ್ನು ಗುರುತಿಸಿದ್ದು ಆ ಚಿತ್ರಗಳಿಂದ. ಅವರ ಮೊದಲ ಮುಖ್ಯ ಕಟ್ಟಡವಾದ ವಿಟ್ರಾ ಅಗ್ನಿಶಾಮಕ ಠಾಣೆ ಮುಗಿದದ್ದು ಅದಾಗಿ ಹತ್ತು ವರ್ಷಕ್ಕೆ, 1993ರಲ್ಲಿ.

ಇದು ಪುಕ್ಕಟೆ ದುಡಿಮೆ ತಾನೇ? ನಮ್ಮನ್ನು ಬಳಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ.

ಅನ್ನಿಸುವುದು ಸರಿಯೇ. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವ ಹಿರಿಯರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೆಲ್ಸಿಂಕಿಯ ಗುಗೆನ್‌ಹೈಮ್ ಮ್ಯೂಸಿಯಂ ಸ್ಪರ್ಧೆಗೆ 1,715 ಎಂಟ್ರಿಗಳು ಬಂದವು. 2015ರಲ್ಲಿ ಪ್ಯಾರಿಸ್ಸಿನ ಮೊರೊ ಕುಸುನೊಕಿ ಎಂಬ ಯುವ ಆಫೀಸು ಗೆದ್ದಿತು. ಮರುವರ್ಷ ಹೆಲ್ಸಿಂಕಿ ನಗರಸಭೆ ಯೋಜನೆಯನ್ನೇ ತಿರಸ್ಕರಿಸಿತು. ಅಷ್ಟು ಆಫೀಸುಗಳ ಅಷ್ಟು ರಾತ್ರಿಗಳ ಕೆಲಸ ಎಲ್ಲಿ ಹೋಯಿತು ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ನಿಯಮವಿದೆ, ಅದನ್ನು ಪ್ರತಿಯೊಬ್ಬ ಯುವ ಆರ್ಕಿಟೆಕ್ಟ್ ಒಮ್ಮೆ ಓದಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಅಡಿಯಲ್ಲಿ ಬಂದ 1989ರ ವೃತ್ತಿ ನಡವಳಿಕೆಯ ನಿಯಮಾವಳಿ ಏನು ಹೇಳುತ್ತದೆಂದರೆ, ದುಡ್ಡಿಲ್ಲದೆ ಅಥವಾ ಶುಲ್ಕ ಇಳಿಸಿ ಇತರ ಆರ್ಕಿಟೆಕ್ಟ್‌ಗಳ ಜೊತೆ ಪೈಪೋಟಿಗೆ ಬಿದ್ದು ಒಬ್ಬ ಕ್ಲೈಂಟಿಗೆ ವಿನ್ಯಾಸ ಮಾಡಿಕೊಡಬಾರದು. ಆರ್ಕಿಟೆಕ್ಟ್‌ಗಳನ್ನು ನೋಂದಾಯಿಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಮಾರ್ಗಸೂಚಿಯಂತೆ ನಡೆಯುವ ಸ್ಪರ್ಧೆ ಮಾತ್ರ ಇದಕ್ಕೆ ಹೊರತು. ಅಂದರೆ "ನಾಲ್ಕು ಜನರಿಂದ ಸ್ಕೀಮ್ ತರಿಸಿ ನೋಡ್ತೀವಿ, ಇಷ್ಟ ಆದ್ರೆ ಮುಂದೆ ಮಾತಾಡೋಣ" ಎನ್ನುವ ಬಿಲ್ಡರಿನ ಮಾತು ಸ್ಪರ್ಧೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಪುಕ್ಕಟೆ ಸ್ಕೀಮು. ಅಂಥದ್ದಕ್ಕೆ ಕೂರಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ನಿಜವಾದ ಸ್ಪರ್ಧೆಯಲ್ಲಿ ನೀವು ಕೊಡುವ ಸಮಯಕ್ಕೆ ಬದಲಾಗಿ ನಾಲ್ಕು ಸಂಗತಿ ಸಿಗಬೇಕು: ಕೆಲಸ ಬಲ್ಲ ಜ್ಯೂರಿ, ಮೊದಲೇ ಗೊತ್ತಿರುವ ನಿಯಮ, ಬಹುಮಾನದ ಹಣ, ಮತ್ತು ಚಿತ್ರಗಳ ಮೇಲೆ ನಿಮ್ಮದೇ ಹಕ್ಕು. ಇದರಲ್ಲಿ ಎರಡು ಇಲ್ಲದಿದ್ದರೆ ಬಿಟ್ಟುಬಿಡಿ.

ಒಳ್ಳೆಯ ಸ್ಪರ್ಧೆ ಯಾವುದು ಎಂದು ಮೊದಲೇ ಹೇಗೆ ಗುರುತಿಸುವುದು?

ಬ್ರೀಫಿನ, ಅಂದರೆ ಆಯೋಜಕರು ಕೊಡುವ ಸ್ಪರ್ಧೆಯ ವಿವರಪತ್ರದ, ಕೊನೆಯ ಪುಟಗಳನ್ನು ಮೊದಲು ಓದಿ. ಚೆಂದದ ಚಿತ್ರಗಳಿರುವ ಮೊದಲ ಪುಟಗಳಲ್ಲಿ ಏನೂ ತಿಳಿಯುವುದಿಲ್ಲ.

ಜ್ಯೂರಿಯ ಹೆಸರುಗಳು ಪ್ರಕಟವಾಗಿವೆಯೇ? "ಖ್ಯಾತ ತಜ್ಞರು" ಎಂದಷ್ಟೇ ಬರೆದಿದ್ದರೆ ಅನುಮಾನ ಪಡಿ. ಅದರಲ್ಲಿ ಆರ್ಕಿಟೆಕ್ಟ್‌ಗಳು ಎಷ್ಟು ಜನ? ಜ್ಯೂರಿಯಲ್ಲಿ ಕೂತವರು ಆಮೇಲೆ ಅದೇ ಕೆಲಸವನ್ನು ತಾವು ಹಿಡಿಯುವಂತಿಲ್ಲ, ಇದೂ ನಿಯಮಾವಳಿಯಲ್ಲೇ ಇದೆ. ಕಟ್ಟುವ ಸ್ಪರ್ಧೆಯಾದರೆ ಜಾಗ ಯಾರದು, ಸರ್ವೆ ನಕ್ಷೆ ಕೊಟ್ಟಿದ್ದಾರೆಯೇ, ದುಡ್ಡು ಯಾರು ಹಾಕುತ್ತಾರೆ ಎಂದು ನೋಡಿ. ಕಾಂಟೂರು (ನೆಲದ ಏರಿಳಿತ ತೋರಿಸುವ ಗೆರೆ) ಇಲ್ಲದ, ಇರುವ ಮರಗಳನ್ನು ಗುರುತಿಸದ ಸೈಟ್ ಪ್ಲ್ಯಾನ್ ಕೊಟ್ಟವರು ಕಟ್ಟುವ ಯೋಚನೆಯಲ್ಲಿಲ್ಲ ಎಂದೇ ನನ್ನ ಅನುಭವ. ಪ್ರಶ್ನೆ ಕೇಳಲು ಒಂದು ದಿನಾಂಕ, ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡಲು ಇನ್ನೊಂದು ದಿನಾಂಕ ಇರಬೇಕು.

ಆನ್‌ಲೈನಿನಲ್ಲಿ ತಿಂಗಳಿಗೊಂದು ಕಲ್ಪನೆಯ ಸ್ಪರ್ಧೆ ನಡೆಸಿ ಪ್ರವೇಶ ಶುಲ್ಕ ತೆಗೆದುಕೊಳ್ಳುವ ತಾಣಗಳಿವೆ. ಕೆಲವು ಪ್ರಾಮಾಣಿಕವಾಗಿವೆ. ಕೆಲವಕ್ಕೆ ಆ ಶುಲ್ಕವೇ ವ್ಯಾಪಾರ. ನಾವು ಒಮ್ಮೆ ಹೀಗೆ ಸಿಕ್ಕಿಬಿದ್ದೆವು: ಮೂರು ಜನ ಸೇರಿ ದುಡ್ಡು ಕಟ್ಟಿ, ಆರು ವಾರ ಕೆಲಸ ಮಾಡಿ ಕಳಿಸಿದೆವು. ಫಲಿತಾಂಶದ ದಿನ ಎರಡು ಸಲ ಮುಂದಕ್ಕೆ ಹೋಯಿತು, ಆಮೇಲೆ ಪುಟವೇ ಮಾಯವಾಯಿತು. ಮೇಲ್ ಬರೆದರೆ ಉತ್ತರವಿಲ್ಲ. ಅಂದಿನಿಂದ ನಾನು ಮಾಡುವುದು ಇಷ್ಟೆ: ಅದೇ ಸಂಸ್ಥೆ ಹಿಂದೆ ನಡೆಸಿದ ಸ್ಪರ್ಧೆಯ ಫಲಿತಾಂಶ, ಗೆದ್ದವರ ಶೀಟು, ಜ್ಯೂರಿಯ ಮಾತು ಎಲ್ಲವೂ ಓದಲು ಸಿಗುತ್ತವೆಯೇ ಎಂದು ನೋಡುತ್ತೇನೆ. ಸಿಗದಿದ್ದರೆ ಮುಚ್ಚಿಬಿಡುತ್ತೇನೆ.

ಇನ್ನೂ ಓದುತ್ತಿದ್ದೇನೆ. ನನಗೆ ಯಾವುದು ಸೂಕ್ತ?

ಕಾಲೇಜಿನಲ್ಲಿರುವಾಗ ನಾಸಾ. ಬಾಹ್ಯಾಕಾಶದ ನಾಸಾ ಎಂದುಕೊಂಡು ಮನೆಯವರು ಖುಷಿಪಟ್ಟಾರು, ಇದು ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘ, 1957ರಿಂದ ಇದೆ. ಅದರ ವಾರ್ಷಿಕ ಟ್ರೋಫಿಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಎನ್ನಿಸುವುದು ಲೂಯಿ ಕಾನ್ ಟ್ರೋಫಿ. ಅದರಲ್ಲಿ ಹೊಸದೇನನ್ನೂ ವಿನ್ಯಾಸ ಮಾಡುವುದಿಲ್ಲ. ಇರುವ ಒಂದು ಊರನ್ನೋ ಕಟ್ಟಡವನ್ನೋ ಅಳೆದು ಬರೆಯುತ್ತೀರಿ. ಒಂದು ಹಳೆಯ ತೊಟ್ಟಿಮನೆಯ ಕಂಬ, ಬೋದಿಗೆ, ಹೆಂಚಿನ ಸಾಲು, ಸೂರಿನ ಕೆಳಗಿನ ಅಂಗಳವನ್ನು ಇಂಚಿಂಚೂ ಅಳೆದು ಬರೆದವನ ಕೈ ಆಮೇಲೆ ಬೇರೆಯದೇ ಆಗುತ್ತದೆ.

ಇನ್ನೊಂದು ಸೋಲಾರ್ ಡೆಕಾಥ್ಲಾನ್ ಇಂಡಿಯಾ. ಇದನ್ನು ನಡೆಸುತ್ತಿರುವ ಸಂಸ್ಥೆಗಳಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್ ಒಂದು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಕಟ್ಟಡದ ವಿನ್ಯಾಸ ಅದರ ಗುರಿ. ಇಲ್ಲಿ ಆರ್ಕಿಟೆಕ್ಚರ್ ಮಕ್ಕಳು ಇಂಜಿನಿಯರಿಂಗ್ ಮಕ್ಕಳ ಜೊತೆ ಒಂದೇ ಟೇಬಲ್ಲಿಗೆ ಕೂರಬೇಕು, ಲೆಕ್ಕ ಒಪ್ಪಿಸಬೇಕು. "ತಂಪಾಗಿರುತ್ತದೆ" ಎಂದರೆ ಸಾಲದು, ಎಷ್ಟು ಡಿಗ್ರಿ ಎಂದು ತೋರಿಸಬೇಕು. ಈ ಶಿಸ್ತು ನಮ್ಮ ಸ್ಟುಡಿಯೊಗಳಲ್ಲಿ ಕಡಿಮೆ.

ಒಂದು ಮಾತು ನೆನಪಿರಲಿ. ಕಟ್ಟುವುದಕ್ಕೆಂದು ನಡೆಯುವ ಸ್ಪರ್ಧೆಗಳು ಸಾಮಾನ್ಯವಾಗಿ ಕೌನ್ಸಿಲ್‌ನಲ್ಲಿ ನೋಂದಾಯಿಸಿದ ಆರ್ಕಿಟೆಕ್ಟ್‌ಗಳಿಗೆ ಮಾತ್ರ. ವಿದ್ಯಾರ್ಥಿಯಾಗಿದ್ದು ಹೋಗಬೇಕೆಂದರೆ ನೋಂದಾಯಿತ ಆರ್ಕಿಟೆಕ್ಟ್ ಒಬ್ಬರ ತಂಡ ಸೇರಿಕೊಳ್ಳಿ.

ದಿನಾ ಸೈಟು, ಆಫೀಸು. ಸಮಯ ಎಲ್ಲಿಂದ ತರಲಿ?

ವರ್ಷಕ್ಕೆ ಎರಡು. ಅದಕ್ಕಿಂತ ಹೆಚ್ಚು ಬೇಡ. ತಿಂಗಳಿಗೊಂದು ಕಳಿಸುವವರ ಶೀಟುಗಳನ್ನು ನೋಡಿದ್ದೇನೆ; ಎಲ್ಲದರಲ್ಲೂ ಅದೇ ಮರ, ಅದೇ ಗಾಳಿಪಟ ಹಾರಿಸುವ ಮಗು, ಅದೇ ಸೂರ್ಯಾಸ್ತ.

ಆರು ವಾರ ಇದ್ದರೆ ಮೊದಲ ಎರಡು ವಾರ ಜಾಗಕ್ಕೆ ಹೋಗುವುದು, ಓದುವುದು, ಮಾತಾಡಿಸುವುದು. ಕಂಪ್ಯೂಟರು ತೆರೆಯಬೇಡಿ. ಮೂರನೇ ವಾರದ ಕೊನೆಗೆ ನಿಮ್ಮ ಯೋಚನೆಯನ್ನು ನಿಮ್ಮ ಅಮ್ಮನಿಗೆ ಫೋನಿನಲ್ಲಿ ಎರಡು ವಾಕ್ಯದಲ್ಲಿ ಹೇಳಲು ಆಗಬೇಕು, ಆಕೆಗೆ ಅರ್ಥವಾಗಬೇಕು. ಆಗದಿದ್ದರೆ ಇನ್ನೂ ಯೋಚನೆ ಹುಟ್ಟಿಲ್ಲ. ನಾಲ್ಕನೇ ವಾರ ಪ್ಲ್ಯಾನು, ಸೆಕ್ಷನ್ನು, ಮಾಡೆಲ್ಲು. ಐದನೇ ವಾರದಲ್ಲಿ ಶೀಟಿನ ಜೋಡಣೆ. ಕೊನೆಯ ವಾರದಲ್ಲಿ ಹೊಸದೇನನ್ನೂ ಸೇರಿಸಬೇಡಿ, ತೆಗೆಯುವುದಷ್ಟೇ. ಅಪ್‌ಲೋಡು ಹಿಂದಿನ ದಿನವೇ ಮುಗಿಯಲಿ. ಕೊನೆಯ ಗಂಟೆಯಲ್ಲಿ ಕರೆಂಟು ಹೋಗಿ, ಫೈಲು ಭಾರವಾಗಿ, ಆರು ವಾರದ ಕೆಲಸ ಕೈತಪ್ಪಿದ್ದನ್ನು ನಮ್ಮ ಟ್ರೈನಿಯೊಬ್ಬಳ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವಳು ಅಳಲಿಲ್ಲ, ಸುಮ್ಮನೆ ಸ್ಕ್ರೀನ್ ನೋಡುತ್ತಾ ಕೂತಿದ್ದಳು. ಅದನ್ನು ಮರೆಯಲು ನನ್ನಿಂದ ಆಗಿಲ್ಲ.

ಜ್ಯೂರಿಯವರು ನಿಜವಾಗಿ ಏನು ನೋಡುತ್ತಾರೆ?

ಕಾಲೇಜು ಮಟ್ಟದ ಸ್ಪರ್ಧೆಗಳಿಗೆ ಕೆಲವು ಸಲ ಜ್ಯೂರಿಯಾಗಿ ಕೂತಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಒಂದು ಶೀಟಿನ ಮುಂದೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗುವುದಿಲ್ಲ. ದೂರದಿಂದ ಕಾಣುವ ಒಂದು ಚಿತ್ರ ನಮ್ಮನ್ನು ಹತ್ತಿರಕ್ಕೆ ಕರೆಯಬೇಕು. ಹತ್ತಿರ ಹೋದರೆ ಎರಡನೆಯ ಚಿತ್ರ, ಹೆಚ್ಚಾಗಿ ಸೆಕ್ಷನ್, ಆ ಮೊದಲ ಚಿತ್ರ ಸುಳ್ಳಲ್ಲ ಎಂದು ತೋರಿಸಬೇಕು. ಮೂರನೆಯದಾಗಿ ಬರಹ. ಹನ್ನೆರಡು ಡಯಾಗ್ರಾಮು ತುಂಬಿದ ಶೀಟಿನಲ್ಲಿ ನಮಗೆ ಕಾಣುವುದು ಗಾಬರಿ ಮಾತ್ರ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ನೋಡಿ. ಅದಕ್ಕೆ ನಡೆದ ಸ್ಪರ್ಧೆಯಲ್ಲಿ 400ಕ್ಕೂ ಹೆಚ್ಚು ಎಂಟ್ರಿಗಳ ನಡುವೆ 2017ರಲ್ಲಿ ಗೆದ್ದದ್ದು ಚೆನ್ನೈನ ವೀಬಿ ಡಿಸೈನ್ ಲ್ಯಾಬ್ ಎಂಬ ಯುವ ಆಫೀಸು. ಒಂದರೊಳಗೊಂದು ನಾಲ್ಕು ಚಕ್ರ: ಅಮರ, ವೀರತಾ, ತ್ಯಾಗ, ರಕ್ಷಕ. ಚಕ್ರವ್ಯೂಹದಿಂದ ಹುಟ್ಟಿದ ಯೋಚನೆ. ನೆಲದಿಂದ ಎತ್ತರಕ್ಕೆ ಏಳದೆ, ಇಂಡಿಯಾ ಗೇಟಿನ ಜೊತೆ ಪೈಪೋಟಿಗೆ ಇಳಿಯದೆ, ತಗ್ಗಿ ಕೂತಿದೆ. ನಮ್ಮಲ್ಲಿ ಗಮಕ ಕೇಳಿ ಬೆಳೆದ ಯಾವ ಅಜ್ಜನಿಗೆ ಬೇಕಾದರೂ ಒಂದು ವಾಕ್ಯದಲ್ಲಿ ಹೇಳಬಹುದು. 2019ರ ಫೆಬ್ರುವರಿಯಲ್ಲಿ ಅದು ಉದ್ಘಾಟನೆಯಾಯಿತು.

ಒಳ್ಳೆಯ ರೆಂಡರ್ (ಕಂಪ್ಯೂಟರಿನಲ್ಲಿ ಫೋಟೊದಂತೆ ಕಾಣುವ ಚಿತ್ರ) ಮಾಡಲು ಬರುವುದಿಲ್ಲ. ಎಐ ಬಳಸಬಹುದೇ?

ಸ್ಪರ್ಧೆಯ ನಿಯಮ ಒಪ್ಪಿದರೆ ಬಳಸಿ, ಬಳಸಿದ್ದನ್ನು ಹೇಳಿ. ಆದರೆ ಯಂತ್ರ ಕೊಟ್ಟ ಚಿತ್ರದಲ್ಲಿ ಕೆಲವು ಸಲ ಮೆಟ್ಟಿಲು ಗೋಡೆಗೆ ಹೋಗಿ ನಿಲ್ಲುತ್ತದೆ, ನೆರಳು ಎರಡು ದಿಕ್ಕಿಗೆ ಬೀಳುತ್ತದೆ. ಜ್ಯೂರಿ ಅದನ್ನು ಹಿಡಿಯುತ್ತದೆ. ಪೆನ್ಸಿಲಿನ ಸೆಕ್ಷನ್ ಒಂದು ಪ್ರಾಮಾಣಿಕವಾಗಿದ್ದರೆ ಈಗಲೂ ಸಾಕು.

ಒಬ್ಬರೇ ಮಾಡುವುದು ಒಳ್ಳೆಯದೋ, ತಂಡವೋ?

ಇಬ್ಬರು ಅಥವಾ ಮೂವರು. ಒಬ್ಬರೇ ಆದರೆ ನಿಮ್ಮ ತಪ್ಪು ನಿಮಗೆ ಕಾಣುವುದಿಲ್ಲ, ಐದು ಜನ ಆದರೆ ಯಾರ ಯೋಚನೆಯೂ ಪೂರ್ತಿ ಉಳಿಯುವುದಿಲ್ಲ. ಎಂಟ್ರಿ ನೋಂದಾಯಿಸುವ ಮೊದಲೇ ಯಾರ ಹೆಸರು ಯಾವ ಸಾಲಿನಲ್ಲಿ, ಬಹುಮಾನ ಬಂದರೆ ಹೇಗೆ ಹಂಚಿಕೆ ಎಂದು ಒಂದು ಮೇಲ್‌ನಲ್ಲಿ ಬರೆದುಕೊಳ್ಳಿ. ಸ್ನೇಹಿತರ ನಡುವೆ ಬರವಣಿಗೆ ಯಾಕೆ ಅನ್ನಬೇಡಿ. ಸ್ನೇಹ ಉಳಿಯಲಿ ಎಂದೇ ಬರೆಯುವುದು. ಮಾಡೆಲ್ ಮಾಡಿದ ಜೂನಿಯರಿನ ಹೆಸರನ್ನು ಬಿಡಬೇಡಿ.

ಗೆದ್ದರೆ ಕಟ್ಟಡ ಆಗಿಯೇ ಆಗುತ್ತದೆಯೇ?

ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗುವುದೇ ಇಲ್ಲ ಎಂದರೂ ಸುಳ್ಳು.

ಬೆಂಗಳೂರಿನ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ. ಹಳೆಯ ಸೆಂಟ್ರಲ್ ಜೈಲಿನ ಜಾಗ. ಸ್ಪರ್ಧೆ ನಡೆಸಿ ಆರಿಸಿದ್ದು ಬೆಂಗಳೂರಿನದೇ ಆದ ಮ್ಯಾಥ್ಯೂ ಅಂಡ್ ಘೋಷ್ ಆಫೀಸಿನ ವಿನ್ಯಾಸವನ್ನು. 2008ರಲ್ಲಿ ಜನರಿಗೆ ತೆರೆಯಿತು. ಕಾವಲು ಗೋಪುರ, ಬ್ಯಾರಕ್ಕು, ಹಳೆಯ ಗೋಡೆಗಳ ಗುರುತುಗಳನ್ನು ಉಳಿಸಿಕೊಂಡು ನಡುವೆ ಜನ ಸೇರುವ ಜಾಗ ಮಾಡಿದ್ದಾರೆ. ಈಗ ಅಂಗನವಾಡಿ ಕಾರ್ಯಕರ್ತೆಯರಿಂದ ರೈತರವರೆಗೆ ಪ್ರತಿಭಟನೆಗೆ ಬಂದು ಕೂರುವುದು ಅಲ್ಲೇ. ಸ್ಪರ್ಧೆಯ ಶೀಟಿನ ಮೇಲಿನ ಒಂದು ಗೆರೆ ಊರಿನ ಬದುಕಿಗೆ ಸೇರಿಹೋಗುವುದೆಂದರೆ ಇದು.

ಇನ್ನೊಂದು ಕಡೆ ನೋಡಿ. ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ 1986ರ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಲ್ಫ್ ಲರ್ನರ್ ಗೆದ್ದರು, ಕಟ್ಟಿದ್ದು ಆ ವಿನ್ಯಾಸದ ಒಂದು ಭಾಗ ಮಾತ್ರ. ಅಮರಾವತಿಯ ಹೊಸ ರಾಜಧಾನಿಗೆ 2016ರಲ್ಲಿ ಜ್ಯೂರಿ ಆರಿಸಿದ್ದು ಟೋಕಿಯೊದ ಮಾಕಿ ಆಫೀಸನ್ನು. ಅದೇ ವರ್ಷ ಅವರನ್ನು ಬಿಟ್ಟು ಲಂಡನ್ನಿನ ಫಾಸ್ಟರ್ ಆಫೀಸಿಗೆ ಕೆಲಸ ಕೊಟ್ಟರು. ಪ್ರಿಟ್ಜ್‌ಕರ್ ಎಂಬ ನಮ್ಮ ವೃತ್ತಿಯ ಬಲು ದೊಡ್ಡ ಪ್ರಶಸ್ತಿ ಪಡೆದ ಹಿರಿಯರಿಗೇ ಹೀಗಾಗಬಹುದಾದರೆ ಯುವಕರ ಪಾಡು ಯೋಚಿಸಿ. ಉಟ್ಸನ್ ಕೂಡ 1966ರಲ್ಲಿ, ಕಟ್ಟಡ ಅರ್ಧದಲ್ಲಿರುವಾಗಲೇ, ಸಿಡ್ನಿ ಬಿಟ್ಟು ಹೊರಟವರು ಮತ್ತೆ ತಿರುಗಿ ಹೋಗಲಿಲ್ಲ. ಮುಗಿದ ಕಟ್ಟಡವನ್ನು ಕಣ್ಣಾರೆ ನೋಡಲಿಲ್ಲ.

ಕಾಯುವುದೂ ಉಂಟು. ಗೀಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಸ್ಪರ್ಧೆಗೆ 1,557 ಎಂಟ್ರಿ ಬಂದಿದ್ದವು. ಡಬ್ಲಿನ್ನಿನ ಹೆನೆಗನ್ ಪೆಂಗ್ ಎಂಬ ಸಣ್ಣ ಆಫೀಸು 2003ರಲ್ಲಿ ಗೆದ್ದಿತು. ಅಧಿಕೃತ ಉದ್ಘಾಟನೆ ಆದದ್ದು 2025ರ ನವೆಂಬರಿನಲ್ಲಿ. ಅಷ್ಟು ಕಾಲದಲ್ಲಿ ಒಂದು ಮಗು ಹುಟ್ಟಿ, ಓದಿ, ಆರ್ಕಿಟೆಕ್ಟ್ ಆಗಬಹುದು.

ಆದ್ದರಿಂದ ಗೆದ್ದ ದಿನವೇ ಸಿಹಿ ಹಂಚಿ, ಮರುದಿನ ಬ್ರೀಫ್ ತೆಗೆದು ಓದಿ: ಕೆಲಸದ ಆದೇಶ ಯಾವಾಗ ಕೊಡುತ್ತಾರೆ, ಬಹುಮಾನದ ಹಣವನ್ನು ಮುಂದಿನ ಶುಲ್ಕದಲ್ಲಿ ಮುರಿದುಕೊಳ್ಳುತ್ತಾರಾ, ಕಟ್ಟದಿದ್ದರೆ ಪರಿಹಾರ ಏನು. ನಿಮ್ಮ ಆಫೀಸು ಸಣ್ಣದಾದರೆ ಸ್ಟ್ರಕ್ಚರಲ್ ಇಂಜಿನಿಯರ್ ಮತ್ತು ದೊಡ್ಡ ಕೆಲಸ ನಿಭಾಯಿಸಿದ ಒಬ್ಬ ಹಿರಿಯ ಆರ್ಕಿಟೆಕ್ಟ್‌ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ.

ನನ್ನ ವಿನ್ಯಾಸವನ್ನು ಕದ್ದರೆ?

1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಚಿತ್ರವೂ ವಾಸ್ತುಶಿಲ್ಪವೂ ಕಲಾಕೃತಿಯ ಸಾಲಿನಲ್ಲೇ ಬರುತ್ತವೆ. ನೀವು ಬರೆದು ಸಹಿ ಹಾಕಿ ಕೊಡದೆ ಹಕ್ಕು ಇನ್ನೊಬ್ಬರಿಗೆ ಹೋಗುವುದಿಲ್ಲ. ಆದರೆ "ಸಲ್ಲಿಸಿದ ಎಲ್ಲ ವಿನ್ಯಾಸಗಳ ಎಲ್ಲ ಹಕ್ಕೂ ಆಯೋಜಕರದು" ಎಂಬ ಸಾಲು ಬ್ರೀಫಿನಲ್ಲಿದ್ದು ನೀವು 'ಒಪ್ಪಿದೆ' ಒತ್ತಿದರೆ, ಮುಂದೆ ವಾದಿಸುವುದು ಕಷ್ಟ. ಪ್ರದರ್ಶನಕ್ಕೆ, ಪ್ರಕಟಣೆಗೆ ಒಪ್ಪಿಗೆ ಕೊಡುವುದು ಸರಿ. ಸೋತವರ ಹಕ್ಕನ್ನೂ ಕೇಳುವ ಸ್ಪರ್ಧೆಗೆ ಹೋಗಬೇಡಿ.

ಸಂಬಳಕ್ಕಿರುವ ಆಫೀಸಿನಲ್ಲಿ ಹೇಳಿ ಮಾಡಬೇಕೇ?

ಹೇಳಿಯೇ ಮಾಡಿ. ಆಫೀಸಿನ ಕಂಪ್ಯೂಟರು, ಸಾಫ್ಟ್‌ವೇರು, ಪ್ಲಾಟರು ಮುಟ್ಟಬೇಡಿ. ಆಫೀಸೇ ಅದೇ ಸ್ಪರ್ಧೆಗೆ ಇಳಿಯುತ್ತಿದ್ದರೆ ನೀವು ಬೇರೆಯದನ್ನು ಆರಿಸಿ. ಒಳ್ಳೆಯ ಬಾಸ್ ಆದರೆ ಒಂದು ಸಂಜೆ ನಿಮ್ಮ ಶೀಟು ನೋಡಿ ನಾಲ್ಕು ಮಾತು ಹೇಳುತ್ತಾರೆ.

ಐದು ಸಲ ಕಳಿಸಿದೆ, ಏನೂ ಬರಲಿಲ್ಲ. ನಿಲ್ಲಿಸಲೇ?

ಒಂದು ವರ್ಷ ಬಿಡುವು ತೆಗೆದುಕೊಳ್ಳಿ, ತಪ್ಪಿಲ್ಲ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಐದೂ ಶೀಟುಗಳನ್ನು ಪ್ರಿಂಟು ಹಾಕಿಸಿ ಗೋಡೆಗೆ ಹಚ್ಚಿ, ಪಕ್ಕದಲ್ಲಿ ಗೆದ್ದವರ ಶೀಟುಗಳು. ಅವರು ಬ್ರೀಫಿನ ಯಾವ ಸಾಲನ್ನು ನಿಮಗಿಂತ ಬೇರೆಯಾಗಿ ಓದಿದರು? ಬಹಳ ಸಲ ವ್ಯತ್ಯಾಸ ಚಿತ್ರದ ಅಂದದಲ್ಲಿ ಇರುವುದಿಲ್ಲ, ಓದಿದ ರೀತಿಯಲ್ಲಿ ಇರುತ್ತದೆ. ನಂತರ ನಿಮ್ಮ ಐದರಲ್ಲಿ ಇನ್ನೂ ನಿಮ್ಮನ್ನು ಕಾಡುವ ಒಂದನ್ನು ಆರಿಸಿ, ಯಾವ ಗಡುವೂ ಇಲ್ಲದೆ ಮತ್ತೆ ಬರೆಯಿರಿ.

ನಮ್ಮ ಆಫೀಸಿನ ಒಂದು ಗೋಡೆಯನ್ನು ಇದಕ್ಕೆಂದೇ ಬಿಟ್ಟಿದ್ದೇವೆ. ಸಂತೆಯ ಸೆಕ್ಷನ್ ಅಲ್ಲಿದೆ, ಅಂಚು ಹಳದಿಯಾಗಿದೆ. ಹೋದ ವಾರ ಹೊಸ ಟ್ರೈನಿಯೊಬ್ಬ ಅದರ ಮುಂದೆ ನಿಂತು ಕೇಳಿದ: "ಮೇಡಂ, ಮಳೆ ಜೋರಾಗಿ ಬಂದ್ರೆ ಮೀನಿನವರ ಜಾಗಕ್ಕೇ ಎಲ್ಲಾ ನೀರು ಬರುತ್ತಲ್ವಾ?" ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಪೆನ್ಸಿಲು ಕೊಟ್ಟು, ಅದರ ಮೇಲೆಯೇ ಬರೆಯಪ್ಪ ಅಂದೆ.